ಕಿಡ್ನಿ ಡಾಕ್ಟರರ ಪಾಠಸಭೆ

ಜಹೀರಾಬಾದಿನಿಂದ, ನಾರಾಯಣಖೇಡದಿಂದ ಬೆಳಗಿನ ಬಸ್ಸು ಹಿಡಿದು, ತಾಂಡೂರಿನವರಾದರೆ ರೈಲು ಹತ್ತಿ, ಮನೆಯ ರೋಗಿಯನ್ನು ಹೈದರಾಬಾದಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದವರು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅಲ್ಲಿ ಅವರೆಲ್ಲರೂ ಕಂಡ ಒಂದು ನೋಟವಿದೆ. ಬೆಳಿಗ್ಗೆ ಹಿರಿಯ ಡಾಕ್ಟರರು ಬರುತ್ತಾರೆ. ಅವರ ಹಿಂದೆ ಏಳೆಂಟು ಜನ ಎಳೆಯ ಡಾಕ್ಟರರು ಬಂದು ಹಾಸಿಗೆಯ ಸುತ್ತ ನಿಲ್ಲುತ್ತಾರೆ. ಒಬ್ಬನು ಕಾಗದ ನೋಡುತ್ತ ಇಂಗ್ಲಿಷಿನಲ್ಲಿ ಏನನ್ನೋ ಒಪ್ಪಿಸುತ್ತಾನೆ. ಹಿರಿಯರು ಪ್ರಶ್ನೆ ಕೇಳುತ್ತಾರೆ, ಹುಡುಗ ತಲೆ ತಗ್ಗಿಸುತ್ತಾನೆ. ಹಾಸಿಗೆಯ ಮೇಲಿನ ರೋಗಿಗೆ ಒಂದೇ ಚಿಂತೆ: ಇವರಿಗೇ ಗೊತ್ತಿಲ್ಲವೆಂದ ಮೇಲೆ ನನ್ನ ಗತಿ ಏನು?

ಆ ಚಿಂತೆಯಿಂದಲೇ ನಮ್ಮ ಮನೆಯಲ್ಲಿ ಒಂದು ತಪ್ಪು ನಡೆಯಿತು. 1991ರಲ್ಲಿ ನನ್ನ ಹಿರಿಯಣ್ಣನ ಕಾಲಿಗೆ, ಮುಖಕ್ಕೆ ಬಾವು ಬಂತು. ದೊಡ್ಡ ದವಾಖಾನೆಗೆ ಸೇರಿಸಿದೆವು. ಎರಡು ಕಿಡ್ನಿಗಳೂ ಸೋತಿವೆ ಎಂದರು, ಕಾರಣ ಹುಡುಕುತ್ತಿದ್ದರು. ಗುರುವಾರ ಇವರ ವಿಷಯವನ್ನು ಡಾಕ್ಟರರ ಸಭೆಯಲ್ಲಿ ಇಡುತ್ತೇವೆಂದು ಒಬ್ಬ ಎಳೆಯ ಡಾಕ್ಟರು ಹೇಳಿದನು. ಅಣ್ಣನಿಗೆ ಇದು ಅವಮಾನವೆನಿಸಿತು. "ನಾ ಏನು ಸಾಲಿ ಹುಡುಗರ ಪಾಟಿ ಏನೋ ತಮ್ಮ? ಮನಿಗೆ ನಡಿ" ಎಂದನು. ಬುಧವಾರವೇ ಹೊರಟು ಬಂದೆವು. ಆ ಸಭೆ ಎಂದರೇನು ಎಂಬುದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತೇನೆ.

ಕಿಡ್ನಿಗೆ ನಮ್ಮ ಹಿರಿಯರು ಉರ್ದುವಿನ ಬಳಕೆಯಿಂದ ಗುರ್ದಾ ಎನ್ನುತ್ತಿದ್ದರು, ಪುಸ್ತಕದ ಮಾತಿನಲ್ಲಿ ಅದು ಮೂತ್ರಪಿಂಡ. ಒಂದೊಂದರ ತೂಕ ಸುಮಾರು 150 ಗ್ರಾಂ. ಒಂದೊಂದರಲ್ಲಿಯೂ ಸುಮಾರು 10 ಲಕ್ಷ ಸೂಕ್ಷ್ಮ ಸೋಸುಕಗಳಿವೆ. ದಿನಕ್ಕೆ ಸುಮಾರು 180 ಲೀಟರ್ ನೀರಿನಂಶವನ್ನು ಅವು ರಕ್ತದಿಂದ ಸೋಸಿ, ಬಹುಪಾಲನ್ನು ಮರಳಿ ರಕ್ತಕ್ಕೇ ಕೊಟ್ಟು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ಈ ಅಂಗದ ಒಂದು ಗುಣವೆಂದರೆ ಅದು ಮೌನವಾಗಿ ಕೆಡುತ್ತದೆ. ಮುಕ್ಕಾಲು ಪಾಲು ಹಾಳಾಗುವವರೆಗೂ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಆದ್ದರಿಂದ ಒಬ್ಬ ಡಾಕ್ಟರು ಒಂಟಿಯಾಗಿ ನೋಡಿ ಕಾರಣ ಹೇಳುವುದು ಬಲು ಕಷ್ಟ. ಹಲವರು ಕೂಡಿ ನೋಡುವ ಪದ್ಧತಿ ಬೆಳೆದುದು ಈ ಕಾರಣದಿಂದ.

ಆ ಪದ್ಧತಿಯ ಬೇರು ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿದೆ. ಅಲ್ಲಿ ರಿಚರ್ಡ್ ಬ್ರೈಟ್ ಎಂಬ ವೈದ್ಯರು 1827ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಮೈ ಬಾತ ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಮೇಲೆ ಕಾಯಿಸಿದರೆ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ಅಂಥವರು ಸತ್ತಾಗ ದೇಹ ಬಿಚ್ಚಿ ನೋಡಿದರೆ ಕಿಡ್ನಿ ಕೆಟ್ಟಿರುತ್ತಿತ್ತು. ಬಾವು, ಮೂತ್ರ, ಕಿಡ್ನಿ ಈ ಮೂರಕ್ಕೂ ನಂಟಿದೆಯೆಂದು ಅವರು ತೋರಿಸಿಕೊಟ್ಟರು. 1842ರಲ್ಲಿ ಅದೇ ಆಸ್ಪತ್ರೆಯಲ್ಲಿ ಕಿಡ್ನಿ ರೋಗಿಗಳಿಗಾಗಿಯೇ 42 ಹಾಸಿಗೆಗಳನ್ನು ಬೇರೆ ಮಾಡಿಸಿ, ಪಕ್ಕದಲ್ಲಿ ಪ್ರಯೋಗಾಲಯವನ್ನೂ ವೈದ್ಯರು ಕೂತು ಚರ್ಚಿಸುವ ಕೋಣೆಯನ್ನೂ ಇರಿಸಿದರು. ಹಾಸಿಗೆ, ಪ್ರಯೋಗಾಲಯ, ಚರ್ಚೆಯ ಕೋಣೆ ಮೂರನ್ನೂ ಒಂದೆಡೆ ಸೇರಿಸಿದ್ದು ಅಂದಿಗೆ ಹೊಸ ಮಾತು.

ಮುಂದಿನ ಹೆಜ್ಜೆ ಅಮೆರಿಕದ ಬಾಸ್ಟನ್ ನಗರದ್ದು. ಅಲ್ಲಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು 20ನೆಯ ಶತಮಾನದ ಆರಂಭದಲ್ಲಿ ಒಂದು ಬಗೆಯ ಸಭೆ ನಡೆಸತೊಡಗಿದರು. ತೀರಿಕೊಂಡ ರೋಗಿಯ ವಿವರಗಳನ್ನು, ಆ ರೋಗಿಯನ್ನು ನೋಡಿರದ ವೈದ್ಯರ ಮುಂದೆ ಓದುವುದು. ಅವರು ಎಲ್ಲರೆದುರು ತರ್ಕ ಮಾಡಿ ರೋಗ ಇಂಥದೆಂದು ಹೇಳುವುದು. ಕೊನೆಗೆ ಶವಪರೀಕ್ಷೆ ಮಾಡಿದವರು ಎದ್ದು ನಿಂತು ನಿಜ ಹೇಳುವುದು. ಹಿರಿಯರ ತಪ್ಪೂ ಕಿರಿಯರೆದುರು ಬಯಲಾಗುತ್ತಿತ್ತು. 1912ರಲ್ಲಿ ಕ್ಯಾಬಟ್ ಮೂರು ಸಾವಿರ ಶವಪರೀಕ್ಷೆಗಳನ್ನು ಆಧರಿಸಿ, ವೈದ್ಯರ ನಿದಾನ ಎಲ್ಲೆಲ್ಲಿ ತಪ್ಪಿತ್ತೆಂದು ಅಚ್ಚು ಹಾಕಿಸಿದರು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಹತ್ತು ಪೈಸೆಗೂ ಎಲ್ಲರೂ ಕೂತು ಹುಡುಕುತ್ತಿದ್ದೆವು. ಬರೆದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ, ಒಬ್ಬನು ಓದಬೇಕು, ಇನ್ನೊಬ್ಬನು ಗುರುತು ಹಾಕಬೇಕು. ಕ್ಯಾಬಟ್ ಮಾಡಿದ್ದೂ ಇದನ್ನೇ. ವ್ಯತ್ಯಾಸವೆಂದರೆ ಅಲ್ಲಿ ತಾಳೆಯಾಗಬೇಕಾದದ್ದು ಮನುಷ್ಯರ ಜೀವ.

ಕಿಡ್ನಿ ವೈದ್ಯಕ್ಕೆ ಬಲ ಬಂದದ್ದು ಎರಡನೆಯ ಮಹಾಯುದ್ಧದ ಕಾಲದಿಂದ. ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ, ಜರ್ಮನರ ಆಕ್ರಮಣದ ನಡುವೆಯೇ, ವಿಲೆಮ್ ಕೋಲ್ಫ್ ಎಂಬವರು 1943ರಲ್ಲಿ ರಕ್ತ ಸೋಸುವ ಯಂತ್ರವನ್ನು ಕಟ್ಟಿದರು. ಮಾಂಸ ತುಂಬಲು ಬಳಸುವ ಸೆಲೋಫೇನ್ ಕೊಳವೆಯೇ ಅದರ ಜರಡಿ. 1945ರಲ್ಲಿ ಅದರಿಂದ ಮೊದಲ ರೋಗಿ ಬದುಕಿದಳು. ಇಂದಿನ ಡಯಾಲಿಸಿಸ್ ಯಂತ್ರದ ಮೂಲ ಇದು. 1951ರಲ್ಲಿ ಕೋಪನ್‌ಹೇಗನ್ನಿನ ಇಬ್ಬರು ವೈದ್ಯರು, ಜೀವಂತ ರೋಗಿಯ ಕಿಡ್ನಿಯಿಂದ ಸೂಜಿಯ ಮೂಲಕ ಎಳೆಯಷ್ಟು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ಪ್ರಕಟಿಸಿದರು. ಸಾಯುವವರೆಗೆ ಕಾಯಬೇಕಾಗಿದ್ದ ಉತ್ತರ ಈಗ ರೋಗಿ ಬದುಕಿದ್ದಾಗಲೇ ಸಿಗತೊಡಗಿತು. ರೋಗಿಯನ್ನು ನೋಡುವ ಡಾಕ್ಟರು, ತುಣುಕು ನೋಡುವ ಡಾಕ್ಟರು ಒಂದೇ ಕೋಣೆಯಲ್ಲಿ ಕೂಡಲೇಬೇಕಾಯಿತು. 1960ರಲ್ಲಿ ಅಂತರರಾಷ್ಟ್ರೀಯ ಮೂತ್ರಪಿಂಡ ವೈದ್ಯರ ಸಂಘದ ಮೊದಲ ಸಮ್ಮೇಳನ ಫ್ರಾನ್ಸಿನ ಎವಿಯಾನ್ ಮತ್ತು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಸೇರಿತು.

ನಮ್ಮ ದೇಶದಲ್ಲಿ ಈ ವಿದ್ಯೆಯ ಹಿರಿಯರೆಂದರೆ ಚಂಡೀಗಢದ ಡಾ. ಕೆ. ಎಸ್. ಚುಗ್. ಅಲ್ಲಿನ ಸ್ನಾತಕೋತ್ತರ ವೈದ್ಯ ಸಂಸ್ಥೆಯಲ್ಲಿ 1969ರಲ್ಲಿ ಕಿಡ್ನಿ ವೈದ್ಯಕ್ಕೇ ಮೀಸಲಾದ ಡಿ.ಎಂ. ಪದವಿಯ ಶಿಕ್ಷಣ ಆರಂಭವಾಯಿತು. 1970ರಲ್ಲಿ ಭಾರತದ ಮೂತ್ರಪಿಂಡ ವೈದ್ಯರ ಸಂಘ ಹುಟ್ಟಿತು. 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಬದುಕಿರುವ ದಾನಿಯ ಕಿಡ್ನಿಯನ್ನು ಇನ್ನೊಬ್ಬರಿಗೆ ಜೋಡಿಸುವ ಶಸ್ತ್ರಕ್ರಿಯೆ ಯಶಸ್ವಿಯಾಯಿತು. ಚುಗ್ ಅವರು ಮತ್ತು ಅವರ ಶಿಷ್ಯರು ಹಾವು ಕಚ್ಚಿದವರ ಕಿಡ್ನಿ, ಮೈಲುತುತ್ತು ತಿಂದವರ ಕಿಡ್ನಿ ಹೇಗೆ ಕೆಡುತ್ತದೆಂದು 1970ರ ದಶಕದಲ್ಲಿ ಬರೆದರು. ಲಂಡನ್, ಬಾಸ್ಟನ್‌ಗಳ ವಾರ್ಡುಗಳಲ್ಲಿ ಇಂಥ ರೋಗಿಗಳು ಅಪರೂಪ, ಇದು ನಮ್ಮ ಹೊಲಗದ್ದೆಗಳ ರೋಗ. ಹಳ್ಳಿಯಿಂದ ಬಂದ ರೋಗಿ ತನ್ನ ಸಂಗತಿ ಹೇಳಿದ್ದರಿಂದಲೇ ಅದು ಪಾಠವಾಯಿತು.

ಇನ್ನು ನಮ್ಮ ಹೈದರಾಬಾದಿನ ಮಾತು. 1956ರ ನವೆಂಬರ್ 1ಕ್ಕೆ ಮೊದಲು ನಾರಾಯಣಖೇಡ, ಜಹೀರಾಬಾದ್ ತಾಲೂಕುಗಳು ಬೀದರ ಜಿಲ್ಲೆಯಲ್ಲಿ, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿ ಇದ್ದವೆಂಬುದು ತಮಗೆ ಗೊತ್ತಿದ್ದ ಸಂಗತಿ. ಅಂದಿನಿಂದಲೂ ನಮ್ಮ ದೊಡ್ಡ ಕಾಯಿಲೆಗೆ ದಾರಿ ಹೈದರಾಬಾದೇ. ಅಲ್ಲಿ 1846ರಲ್ಲಿ ಆರಂಭವಾದ ವೈದ್ಯಶಾಲೆಯಲ್ಲಿ ಮೊದಮೊದಲು ಪಾಠ ಉರ್ದುವಿನಲ್ಲಿ ನಡೆಯುತ್ತಿತ್ತು. 1888 ಮತ್ತು 1889ರಲ್ಲಿ ನಿಜಾಮ್ ಸರಕಾರದ ಖರ್ಚಿನಲ್ಲಿ, ಡಾ. ಎಡ್ವರ್ಡ್ ಲಾರಿಯವರ ಮುಂದಾಳುತನದಲ್ಲಿ ಕ್ಲೋರೋಫಾರ್ಮ್ ಆಯೋಗಗಳು ಕುಳಿತವು. ಮೂರ್ಛೆ ತರಿಸುವ ಆ ಔಷಧಿಯಿಂದ ಸಾವು ಬರುವುದು ಉಸಿರು ನಿಂತು, ಹೃದಯಕ್ಕೆ ನೇರ ಅಪಾಯವಿಲ್ಲ ಎಂದು ತೀರ್ಮಾನಿಸಿದವು. ಲೋಕವೆಲ್ಲ ಹೈದರಾಬಾದಿನ ಹೆಸರು ಹೇಳಿತು. ಆದರೆ 1911ರಲ್ಲಿ ಇಂಗ್ಲೆಂಡಿನ ಗುಡ್‌ಮನ್ ಲೆವಿ ಎಂಬವರು, ಕ್ಲೋರೋಫಾರ್ಮಿನಿಂದ ಹೃದಯವೇ ಹಠಾತ್ತನೆ ನಿಲ್ಲಬಹುದೆಂದು ಪ್ರಯೋಗದಿಂದ ತೋರಿಸಿದರು. ಸಭೆ ಕೂಡಿದ ಮಾತ್ರಕ್ಕೆ ಸತ್ಯ ಸಿಕ್ಕಿಬಿಡುವುದಿಲ್ಲ. ಕೂಡಿದ ಸಭೆಯನ್ನು ಮುಂದಿನ ಸಭೆ ತಿದ್ದಬೇಕು.

ಇಂದು ಉಸ್ಮಾನಿಯಾ ಮತ್ತು ನಿಮ್ಸ್ ದವಾಖಾನೆಗಳಲ್ಲಿ ಕಿಡ್ನಿ ಡಾಕ್ಟರರು ತಯಾರಾಗುತ್ತಾರೆ. ಎಂ.ಬಿ.ಬಿ.ಎಸ್. ಐದೂವರೆ ವರ್ಷ, ಎಂ.ಡಿ. ಮೂರು, ಡಿ.ಎಂ. ಮತ್ತೆ ಮೂರು, ಹೀಗೆ ಹನ್ನೊಂದೂವರೆ ವರ್ಷದ ಓದು. ನಾವು ಹುಡುಗ ಎಂದು ಕರೆಯುವವನು ಮೂವತ್ತು ಮುಟ್ಟಿದವನು! ಇಂಥ ಶಿಕ್ಷಣದಲ್ಲಿ ಒಂದು ದಿನ ಹೊಸ ಲೇಖನ ಓದಿ ಅದರ ಗಟ್ಟಿ ಜೊಳ್ಳು ತೂಗುತ್ತಾರೆ. ಒಂದು ದಿನ ಕಿಡ್ನಿಯ ತುಣುಕುಗಳನ್ನು ಪರದೆಯ ಮೇಲೆ ನೋಡುತ್ತಾರೆ. ಇನ್ನೊಂದು ದಿನ ತೀರಿಕೊಂಡವರ ವಿಷಯದಲ್ಲಿ ನಾವು ಎಲ್ಲಿ ತಪ್ಪಿದೆವು ಎಂದು ಕೇಳಿಕೊಳ್ಳುತ್ತಾರೆ. ಕೊರೋನಾ ಬಂದ 2020ರಿಂದೀಚೆಗೆ ಬೇರೆ ಬೇರೆ ಊರುಗಳ ಡಾಕ್ಟರರು ಕಂಪ್ಯೂಟರಿನ ಮೂಲಕವೂ ಇಂಥ ಸಭೆಗೆ ಕೂಡುತ್ತಾರೆ. ಹಿರಿಯರ ಪ್ರಶ್ನೆಗೆ ಅಲ್ಲಿ ತಲೆ ತಗ್ಗಿಸಿದವನು ಆ ರಾತ್ರಿ ಪುಸ್ತಕ ತೆಗೆಯುತ್ತಾನೆ. ಅದರ ಲಾಭ ಮರುದಿನ ರೋಗಿಗೆ.

ಆದರೆ ಆ ಸಭೆಯ ಬಂಡವಾಳವೆಲ್ಲ ರೋಗಿಯ ಬಾಯಿಮಾತು. ಇಲ್ಲಿಯೇ ನಮ್ಮ ಗಡಿನಾಡಿನ ತೊಡಕು. ನಾವು ಬಾವು ಎನ್ನುತ್ತೇವೆ, ತೆಲುಗರು ವಾಪು ಎನ್ನುತ್ತಾರೆ, ಉರ್ದುವಿನವರು ಸೂಜನ್ ಎನ್ನುತ್ತಾರೆ, ಕಾಗದದ ಮೇಲೆ ಇಂಗ್ಲಿಷ್ ಇಳಿಯುತ್ತದೆ. ಮೂರು ಭಾಷೆ ದಾಟುವಾಗ ಏನೋ ಒಂದು ಉದುರಿಹೋಗುತ್ತದೆ. ನಮ್ಮ ಅಣ್ಣನ ವಿಷಯದಲ್ಲಿ ಉದುರಿದ್ದು ಭಾಷೆಯಿಂದಲ್ಲ. ಮೊಣಕಾಲು ನೋವಿಗೆ ಏನಾದರೂ ಮಾತ್ರೆ ನುಂಗುತ್ತೀರಾ ಎಂದು ಆ ಎಳೆಯ ಡಾಕ್ಟರು ತೆಲುಗಿನಲ್ಲಿ ಸ್ಪಷ್ಟವಾಗಿ ಕೇಳಿದ್ದನು. ಅಣ್ಣ ಇಲ್ಲವೆಂದನು. ಸಂತೆಯಿಂದ ತಂದ ನೋವಿನ ಮಾತ್ರೆ, ಪುಡಿಗಳನ್ನು ಅವನು ವರ್ಷಗಟ್ಟಲೆ ನುಂಗಿದ್ದನು, ಬೈಯುತ್ತಾರೆಂಬ ಅಂಜಿಕೆ. ಪಕ್ಕದಲ್ಲಿ ನಿಂತ ನನಗೂ ಗೊತ್ತಿತ್ತು, ಅಣ್ಣನ ಮಾತು ಮುರಿಯಬಾರದೆಂದು ನಾನೂ ಸುಮ್ಮನಿದ್ದೆ. ನೋವಿನ ಮಾತ್ರೆಗಳ ಅತಿಬಳಕೆ ಕಿಡ್ನಿಯನ್ನು ಕೆಡಿಸುತ್ತದೆಂದು ಸ್ವಿಟ್ಜರ್ಲೆಂಡಿನ ವೈದ್ಯರು 1953ರಲ್ಲಿಯೇ ಬರೆದಿದ್ದರಂತೆ. ಹೇಳಿದ್ದರೆ ಅಣ್ಣ ಬದುಕುತ್ತಿದ್ದನೆಂದು ನಾನು ಹೇಳಲಾರೆ. ಕೆಲವೇ ತಿಂಗಳಲ್ಲಿ ತೀರಿಕೊಂಡನು. ಆದರೆ ಗುರುವಾರದ ಸಭೆಯಲ್ಲಿ ಆ ಪುಡಿಕೆಯ ಸುದ್ದಿ ಬಂದಿದ್ದರೆ, ಅಲ್ಲಿ ಕುಳಿತ ಏಳೆಂಟು ಡಾಕ್ಟರರು ತಮ್ಮ ಮುಂದಿನ ರೋಗಿಗಳನ್ನು ಆ ಪ್ರಶ್ನೆ ಎರಡು ಸಲ ಕೇಳುತ್ತಿದ್ದರು.

ಬಂಧುಗಳೆ, ದೊಡ್ಡ ದವಾಖಾನೆಗೆ ಹೋಗುವಾಗ ಮನೆಯಲ್ಲಿ ನುಂಗಿದ ಮಾತ್ರೆಗಳ ಚೀಟಿ, ಖಾಲಿ ಹಾಳೆ, ನಾಟಿ ಔಷಧಿಯ ಪುಡಿಕೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಕನ್ನಡ ಬಿಟ್ಟು ಬೇರೆ ಬಾರದ ಹಿರಿಯರ ಜೊತೆಗೆ ಎರಡೂ ಭಾಷೆ ಬಲ್ಲವರೊಬ್ಬರು ಇರಲಿ. ತಮ್ಮ ವಿಷಯವನ್ನು ಸಭೆಯಲ್ಲಿ ಇಡುತ್ತೇವೆಂದರೆ ಹೆಸರು ಹೇಳಬೇಡಿರೆಂದು ಕೇಳಿಕೊಳ್ಳುವ, ಮೈ ತೋರಿಸುವಾಗ ಪರದೆ ಹಾಕಿರೆಂದು ಹೇಳುವ ಹಕ್ಕು ತಮಗಿದೆ. ಅದನ್ನು ಧೈರ್ಯವಾಗಿ ಕೇಳಿರಿ. ಆದರೆ ಎಳೆಯ ಡಾಕ್ಟರು ಕೇಳಿದ ಪ್ರಶ್ನೆಗೆ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿರಿ. ರೋಗಿ ಅಂಜಿದರೆ ಪಕ್ಕದಲ್ಲಿ ನಿಂತವರಾದರೂ ಹೇಳಿರಿ.