ಲೋಪರ್ ಬ್ರೈಟ್ ಪ್ರಕರಣ

ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಹೆರಿಂಗ್ ಮೀನುಗಾರರು ಕೇಂದ್ರ ಸರ್ಕಾರದ ವಿರುದ್ಧ ಹೂಡಿದ ದಾವೆ. ಕಾಯಿದೆಯ ಮಾತು ಅಸ್ಪಷ್ಟವಾಗಿದ್ದಾಗ ಅದಕ್ಕೆ ಅರ್ಥ ಹೇಳಬೇಕಾದದ್ದು ಇಲಾಖೆಯೋ ನ್ಯಾಯಾಲಯವೋ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2024ರಲ್ಲಿ ಉತ್ತರ ಕೊಟ್ಟಿದ್ದು ಇದರಲ್ಲೇ.

ಮೂಲ ಕಾಯಿದೆ 1976ರದು. ಈಗ ಮ್ಯಾಗ್ನುಸನ್–ಸ್ಟೀವನ್ಸ್ ಕಾಯಿದೆ ಎಂದು ಹೆಸರು. ತೀರದಿಂದ 200 ನಾಟಿಕಲ್ ಮೈಲಿಯೊಳಗೆ ವಿದೇಶಿ ಹಡಗುಗಳ ಹಾವಳಿ ತಡೆಯುವುದು ಅದರ ಮೊದಲ ಉದ್ದೇಶವಾಗಿತ್ತು. ಬಲೆಗೆ ಬಿದ್ದ ಮೀನೆಷ್ಟು, ಬೇಡದೆ ಸಿಕ್ಕಿದ್ದೆಷ್ಟು ಎಂದು ಲೆಕ್ಕವಿಡುವ ವೀಕ್ಷಕರನ್ನು ದೋಣಿಗೆ ಹತ್ತಿಸಿಕೊಳ್ಳಬೇಕೆಂದು ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಅವರ ಖರ್ಚನ್ನು ಮೀನುಗಾರರೇ ಭರಿಸಬೇಕೆಂದು ಅದು ಹೇಳುವುದು ವಿದೇಶಿ ಹಡಗುಗಳು, ಉತ್ತರ ಪೆಸಿಫಿಕ್ ಮೀನುಗಾರಿಕೆ ಮತ್ತು ಕೆಲವು ಸೀಮಿತ ಪರವಾನಗಿ ಯೋಜನೆಗಳ ವಿಷಯದಲ್ಲಿ ಮಾತ್ರ. ಅಟ್ಲಾಂಟಿಕ್ ಹೆರಿಂಗ್ ಬಗ್ಗೆ ಚಕಾರವಿಲ್ಲ. ಆದರೂ ರಾಷ್ಟ್ರೀಯ ಸಾಗರ ಮೀನುಗಾರಿಕಾ ಸೇವೆ 2020ರ ನಿಯಮದಲ್ಲಿ ಆ ಹೊರೆಯನ್ನು ದೋಣಿ ಮಾಲೀಕರ ಮೇಲೆ ಹಾಕಿತು. ದಿನಕ್ಕೆ 710 ಡಾಲರ್‌ವರೆಗೆ ತಗಲುವ ಖರ್ಚು ವಾರ್ಷಿಕ ಆದಾಯದ ಶೇ. 20ರಷ್ಟನ್ನು ನುಂಗಬಹುದೆಂದು ಇಲಾಖೆಯೇ ಅಂದಾಜಿಸಿತ್ತು. ಹೆರಿಂಗ್ ನಮ್ಮ ಬೂತಾಯಿಯನ್ನು ಹೋಲುವ ಸಣ್ಣ ಮೀನು. ಅಲ್ಲಿ ಬಹುಪಾಲು ಲಾಬ್‌ಸ್ಟರ್ ಹಿಡಿಯಲು ಎರೆಯಾಗಿ ಹೋಗುತ್ತದೆ. ಐದಾರು ಜನರ ದೋಣಿಯಲ್ಲಿ ವೀಕ್ಷಕನಿಗೆ ಮಲಗಲು ಜಾಗವನ್ನೂ ಬಿಡಬೇಕು.

ಇಲಾಖೆಗೆ ಬೆನ್ನೆಲುಬಾಗಿ ನಿಂತದ್ದು 1984ರ ಷೆವ್ರಾನ್ ತೀರ್ಪು. ಕಾಯಿದೆ ಮೌನವಾಗಿದ್ದು ಇಲಾಖೆಯ ವಿವರಣೆ ಒಪ್ಪತಕ್ಕಂತಿದ್ದರೆ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಬೇಕು ಎಂಬುದು ಅದರ ಸಾರ. ಆ ತೀರ್ಪಿನಿಂದ ಅಂದು ಗೆದ್ದದ್ದು ವಾಯುಮಾಲಿನ್ಯದ ನಿಯಮವನ್ನು ಸಡಿಲಿಸಿದ್ದ ರೇಗನ್ ಸರ್ಕಾರ, ಸೋತದ್ದು ಪರಿಸರವಾದಿಗಳು. ಮುಂದೆ ಅದನ್ನು ಕೆಡವಲು ಪಣತೊಟ್ಟವರು ನಿಯಮಗಳ ವಿರೋಧಿಗಳೇ ಎಂಬುದು ವಿಚಿತ್ರ.

ನ್ಯೂಜೆರ್ಸಿಯ ಲೋಪರ್ ಬ್ರೈಟ್ ಸಂಸ್ಥೆ ಮತ್ತು ರೋಡ್ ಐಲೆಂಡ್‌ನ ರಿಲೆಂಟ್‌ಲೆಸ್ ಸಂಸ್ಥೆ ಮೇಲ್ಮನವಿ ನ್ಯಾಯಾಲಯಗಳಲ್ಲಿ ಸೋತವು. 2024ರ ಜೂನ್ 28ರಂದು ಸುಪ್ರೀಂ ಕೋರ್ಟ್ ಷೆವ್ರಾನ್ ತತ್ತ್ವವನ್ನು ರದ್ದುಮಾಡಿತು. ಕಾನೂನಿನ ಪ್ರಶ್ನೆಗಳನ್ನು ನ್ಯಾಯಾಧೀಶರೇ ಸ್ವತಂತ್ರವಾಗಿ ನಿರ್ಣಯಿಸಬೇಕೆಂದು 1946ರ ಆಡಳಿತ ಪ್ರಕ್ರಿಯಾ ಕಾಯಿದೆ ವಿಧಿಸಿದೆ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ವಿಜ್ಞಾನ, ತಂತ್ರಜ್ಞಾನದ ಸೂಕ್ಷ್ಮಗಳು ನ್ಯಾಯಾಧೀಶರಿಗಿಂತ ಇಲಾಖೆಯ ಪರಿಣತರಿಗೆ ಚೆನ್ನಾಗಿ ತಿಳಿದಿರುತ್ತವೆ ಎಂಬುದು ನ್ಯಾಯಮೂರ್ತಿ ಎಲೆನಾ ಕೇಗನ್ ಅವರ ಭಿನ್ನಮತ. ಇಲಾಖೆಯ ಅಭಿಪ್ರಾಯಕ್ಕೆ ಈಗಲೂ ಬೆಲೆಯುಂಟು, ಆದರೆ ಅದು ನ್ಯಾಯಾಲಯವನ್ನು ಕಟ್ಟಿಹಾಕದು. ಷೆವ್ರಾನ್ ಆಧರಿಸಿ ಹಿಂದೆ ಬಂದ ತೀರ್ಪುಗಳು ಹಾಗೆಯೇ ಉಳಿದವು.

ಹೆರಿಂಗ್ ವೀಕ್ಷಣಾ ಯೋಜನೆ ಹಣವಿಲ್ಲದೆ 2023ರಲ್ಲೇ ನಿಂತುಹೋಗಿತ್ತು. ದೋಣಿ ಮಾಲೀಕರಿಂದ ಆ ಖರ್ಚನ್ನು ವಸೂಲು ಮಾಡಬಹುದೇ ಎಂಬುದನ್ನು ಸುಪ್ರೀಂ ಕೋರ್ಟ್ ತೀರ್ಮಾನಿಸಲಿಲ್ಲ. ಎರಡೂ ಪ್ರಕರಣಗಳನ್ನು ಕೆಳ ನ್ಯಾಯಾಲಯಗಳಿಗೆ ಮರಳಿಸಿತು.