ಯುರೋಪಿನ ಖಗೋಳ ಪತ್ರಿಕೆಗಳು ಒಂದಾದ ಬಗೆ
1960ರ ದಶಕದವರೆಗೂ ಯುರೋಪಿನ ಖಗೋಳ ಸಂಶೋಧನೆ ಬೇರೆ ಬೇರೆ ದೇಶಗಳ ಪತ್ರಿಕೆಗಳಲ್ಲಿ ಚದುರಿಹೋಗಿತ್ತು. ಫ್ರಾನ್ಸ್ ಒಂದರಲ್ಲೇ ಮೂರು ಪತ್ರಿಕೆಗಳಿದ್ದವು: 1884ರಲ್ಲಿ ಆರಂಭವಾದ ‘ಬುಲ್ತ್ಯಾಂ ಆಸ್ಟ್ರೋನಾಮೀಕ್’, ಖಗೋಳ ವೀಕ್ಷಣೆಗಳ ಪ್ರಕಟಣೆಗೆಂದೇ 1915ರಲ್ಲಿ ಹುಟ್ಟಿದ ‘ಜೂರ್ನಾಲ್ ದೇಸಾಬ್ಸರ್ವಾತರ್’, 1938ರ ‘ಆನಾಲ್ ದಾಸ್ಟ್ರೋಫಿಸೀಕ್’. ನೆದರ್ಲೆಂಡ್ಸಿನ ಖಗೋಳ ಸಂಸ್ಥೆಗಳ ಬುಲೆಟಿನ್ 1921ರಿಂದ, ಜರ್ಮನಿಯ ‘ತ್ಸೈಟ್‌ಶ್ರಿಫ್ಟ್ ಫ್ಯೂರ್ ಆಸ್ಟ್ರೋಫಿಸೀಕ್’ 1930ರಿಂದ ಬರುತ್ತಿದ್ದವು. 1969ರ ಜನವರಿಯಲ್ಲಿ ಈ ಐದರ ಜಾಗಕ್ಕೆ ‘ಅಸ್ಟ್ರಾನಮಿ ಅಂಡ್ ಆಸ್ಟ್ರೋಫಿಸಿಕ್ಸ್’ ಎಂಬ ಒಂದೇ ಪತ್ರಿಕೆ ಬಂತು. ಸ್ವೀಡನ್ನಿನ ‘ಆರ್ಕೀವ್ ಫೋರ್ ಆಸ್ಟ್ರೋನಮಿ’ಯೂ ಅದರಲ್ಲೇ ಲೀನವಾಯಿತು.

ನಿಂತುಹೋದವು ಸಣ್ಣಪುಟ್ಟ ಪತ್ರಿಕೆಗಳಾಗಿರಲಿಲ್ಲ. ನಮ್ಮ ಗೆಲಾಕ್ಸಿ ತಿರುಗುತ್ತಿದೆ ಎಂಬುದಕ್ಕೆ ಯಾನ್ ಊರ್ಟ್ 1927ರಲ್ಲಿ ಕೊಟ್ಟ ಪುರಾವೆಯೂ, ಸೌರವ್ಯೂಹದ ಅಂಚಿನಲ್ಲಿ ಧೂಮಕೇತುಗಳ ದೊಡ್ಡ ಮೋಡವಿದೆ ಎಂದು 1950ರಲ್ಲಿ ಅವರು ಮಂಡಿಸಿದ ವಾದವೂ ಅಚ್ಚಾದದ್ದು ಆ ಡಚ್ ಬುಲೆಟಿನ್ನಿನಲ್ಲಿ. ನಕ್ಷತ್ರಗಳ ಒಡಲಿನ ದ್ರವ್ಯಸ್ಥಿತಿಯನ್ನು ಕುರಿತ ಎಸ್. ಚಂದ್ರಶೇಖರ್ ಅವರ 1932ರ ಲೇಖನ ಪ್ರಕಟವಾದದ್ದು ಜರ್ಮನ್ ಪತ್ರಿಕೆಯಲ್ಲಿ. ಬರಹದ ತೂಕಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಓದುಗರದು. ಚಂದಾದಾರರು ಕಡಿಮೆ, ಅನೇಕ ಲೇಖನಗಳು ಫ್ರೆಂಚ್ ಇಲ್ಲವೇ ಜರ್ಮನ್ ಭಾಷೆಯಲ್ಲಿ. ಅತ್ತ ಲಂಡನ್ನಿನ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ‘ಮಂತ್ಲಿ ನೋಟಿಸಸ್’ ಮತ್ತು ಅಮೆರಿಕದ ‘ಆಸ್ಟ್ರೋಫಿಸಿಕಲ್ ಜರ್ನಲ್’ ಹೆಚ್ಚು ಜನರನ್ನು ತಲುಪುತ್ತಿದ್ದವು. ಒಳ್ಳೆಯ ಫಲಿತಾಂಶ ಕೈಗೆ ಬಂದ ಯುರೋಪಿನ ಯುವ ಸಂಶೋಧಕ ಅದನ್ನು ಅಲ್ಲಿಗೇ ಕಳಿಸಲು ಮನಸ್ಸು ಮಾಡಿದರೆ ಅಚ್ಚರಿಯೇನಲ್ಲ.

ಒಟ್ಟಿಗೆ ಒಂದು ಪತ್ರಿಕೆ ಬೇಕೆಂಬ ಮಾತು 1963ರಿಂದಲೇ ನಡೆದಿತ್ತು. 1968ರ ಏಪ್ರಿಲ್ 8ರಂದು ಬೆಲ್ಜಿಯಂ, ಡೆನ್ಮಾರ್ಕ್, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್ ಮತ್ತು ಸ್ಕ್ಯಾಂಡಿನೇವಿಯಾದ ಹಿರಿಯ ಖಗೋಳ ವಿಜ್ಞಾನಿಗಳು ಲೈಡನ್ ವಿಶ್ವವಿದ್ಯಾಲಯದಲ್ಲಿ ಸೇರಿ ವಿಲೀನದ ರೂಪುರೇಷೆ ಹಾಕಿದರು. ಪತ್ರಿಕೆಯ ನೀತಿಯನ್ನು ತೀರ್ಮಾನಿಸಲು ಪ್ರಾಯೋಜಕ ದೇಶಗಳ ಪ್ರತಿನಿಧಿಗಳ ಒಂದು ನಿರ್ದೇಶಕ ಮಂಡಳಿ. ಮುದ್ರಣ, ಮಾರಾಟ ಸ್ಪ್ರಿಂಗರ್ ಪ್ರಕಾಶನದ್ದು. ಮೊದಲ ಪ್ರಧಾನ ಸಂಪಾದಕರು ಇಬ್ಬರು: ಸ್ಟುವರ್ಟ್ ಪೊಟ್ಟಾಶ್ ಮತ್ತು ಜಾನ್-ಲೂಯಿ ಸ್ಟೈನ್‌ಬರ್ಗ್.

ಇಷ್ಟಾದರೂ ಕಾನೂನಿನ ಒಂದು ತೊಡಕು ಉಳಿದಿತ್ತು. ಹಲವು ದೇಶಗಳ ವಿಜ್ಞಾನಿಗಳು ಕೂಡಿದ ಮಂಡಳಿಗೆ ತನ್ನದೇ ಆದ ಕಾನೂನು ಅಸ್ತಿತ್ವವಿರಲಿಲ್ಲ. ಪ್ರಕಾಶಕರೊಡನೆ ಕರಾರು ಮಾಡಿಕೊಳ್ಳುವವರು, ಹಣ ಇಟ್ಟುಕೊಳ್ಳುವವರು ಯಾರು? ದಕ್ಷಿಣ ಗೋಳಾರ್ಧದಲ್ಲಿ ದೂರದರ್ಶಕ ಕಟ್ಟಲೆಂದು 1962ರಲ್ಲಿ ಐದು ದೇಶಗಳು ಸ್ಥಾಪಿಸಿದ್ದ ಯುರೋಪಿಯನ್ ಸದರ್ನ್ ಅಬ್ಸರ್ವೇಟರಿ ಆ ಹೊಣೆ ಹೊತ್ತು, ಮಂಡಳಿಯ ಪರವಾಗಿ ಸಹಿ ಹಾಕಲು ಒಪ್ಪಿತು. ಭಾಷಣಗಳಲ್ಲಿ ಕೇಳಿಬರುವ ಯುರೋಪಿನ ಏಕತೆಗಿಂತ ಈ ಕಾಗದಪತ್ರದ ಏರ್ಪಾಡೇ ಪತ್ರಿಕೆಯನ್ನು ಬಾಳಿಸಿತು ಎನ್ನಬೇಕು.

ಹಣದ ವಿಚಾರದಲ್ಲೂ ದಾರಿ ಬೇರೆಯಾಯಿತು. ಅಮೆರಿಕದ ಪತ್ರಿಕೆಗಳು ಪುಟಕ್ಕಿಷ್ಟು ಎಂದು ಲೇಖಕರ ಸಂಸ್ಥೆಯಿಂದ ವಸೂಲಿ ಮಾಡುತ್ತಿದ್ದವು. ಇಲ್ಲಿ ಪ್ರಾಯೋಜಕ ದೇಶಗಳೇ ವಂತಿಗೆ ಕೊಟ್ಟವು. ಆ ದೇಶಗಳ ಲೇಖಕರಿಗೆ ಪುಟದ ಶುಲ್ಕವಿರಲಿಲ್ಲ. ಭಾಷೆಯ ಪ್ರಶ್ನೆ ಮಾತ್ರ ತಾನಾಗಿಯೇ ಇತ್ಯರ್ಥವಾಯಿತು: ಫ್ರೆಂಚ್, ಜರ್ಮನ್ ಬರಹಗಳಿಗೂ ಮೊದಲು ಅವಕಾಶವಿತ್ತು, ಬರಬರುತ್ತ ಇಂಗ್ಲಿಷೇ ಉಳಿಯಿತು.

ಎಲ್ಲರೂ ಸೇರಲಿಲ್ಲ. 1827ರಿಂದ ನಡೆದುಬಂದ ‘ಮಂತ್ಲಿ ನೋಟಿಸಸ್’ ಅನ್ನು ಬಿಟ್ಟುಕೊಡಲು ಬ್ರಿಟನ್ನಿಗೆ ಕಾರಣವೇ ಇರಲಿಲ್ಲ. 1821ರಷ್ಟು ಹಳೆಯದಾದ ‘ಆಸ್ಟ್ರೋನೋಮಿಶೆ ನಾಖ್‌ರಿಖ್ಟೆನ್’ ಆಗ ಪೂರ್ವ ಜರ್ಮನಿಯಲ್ಲಿತ್ತು. ಅದೂ ಹೊರಗೇ ಉಳಿಯಿತು. ಭಾರತ ಹಿಡಿದದ್ದು ಬೇರೆ ಹಾದಿ: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 1980ರಲ್ಲಿ ‘ಜರ್ನಲ್ ಆಫ್ ಆಸ್ಟ್ರೋಫಿಸಿಕ್ಸ್ ಅಂಡ್ ಅಸ್ಟ್ರಾನಮಿ’ಯನ್ನು ಹೊಸದಾಗಿ ಆರಂಭಿಸಿತು.

ವಿಲೀನ 1969ಕ್ಕೇ ಮುಗಿಯಲಿಲ್ಲ. ಶೀತಲ ಸಮರ ಕೊನೆಗೊಂಡ ಮೇಲೆ, 1992ರಲ್ಲಿ, ಚೆಕೊಸ್ಲೊವಾಕಿಯಾದ ಖಗೋಳ ಸಂಸ್ಥೆಗಳ ಬುಲೆಟಿನ್ ಕೂಡ ಬಂದು ಸೇರಿತು. ನಕ್ಷತ್ರ ಪಟ್ಟಿ, ಅಳತೆಗಳ ಕೋಷ್ಟಕ ಮುಂತಾದ ಉದ್ದನೆಯ ದತ್ತಾಂಶಕ್ಕೆಂದು 1970ರಲ್ಲಿ ತೆರೆದ ಪುರವಣಿ 2001ರಲ್ಲಿ ಮುಖ್ಯ ಪತ್ರಿಕೆಯೊಳಗೇ ಬಂತು. ಅದೇ ವರ್ಷ ಪ್ರಕಾಶನ ಸ್ಪ್ರಿಂಗರ್‌ನಿಂದ ಫ್ರಾನ್ಸಿನ ಇಡಿಪಿ ಸೈನ್ಸಸ್‌ಗೆ ಹೋಯಿತು. ಮುಂದೆ ಅರ್ಜೆಂಟೀನಾ, ಚಿಲಿಗಳೂ ಪ್ರಾಯೋಜಕ ದೇಶಗಳಾದವು.