ನಾಲಿಗೆಗೊಂದು ಗರಡಿ

ಸಾನಪಾಡಾದಲ್ಲಿ ಪನವೇಲ್ ಕಡೆಯ ಲೋಕಲ್ ಹತ್ತಿದರೆ ಜುಯಿನಗರ ದಾಟಿದ ಮೇಲೆ ನೆರೂಳ್. ಅಲ್ಲಿನ ದಂತವೈದ್ಯ ಕಾಲೇಜುಗಳಿಗೆ ಹಲ್ಲಿನ ಸಾಲು ತಪ್ಪಿದ ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರ ಮನಸ್ಸಿನಲ್ಲಿ ಇರುವುದು ತಂತಿಯ ಖರ್ಚು. ಇಂಥ ಮಕ್ಕಳ ವಿಷಯದಲ್ಲಿ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಹಲ್ಲಿಗೆ ಸಂಬಂಧವೇ ಇಲ್ಲದಂತೆ ಕೇಳಿಸುತ್ತದೆ: ಮಗು ರಾತ್ರಿ ಬಾಯಿ ತೆರೆದುಕೊಂಡು ಮಲಗುತ್ತದೆಯೇ?

ಈ ಪ್ರಶ್ನೆಗೆ ನೂರೈವತ್ತು ವರ್ಷ ದಾಟಿದೆ. ಅದನ್ನು ದೊಡ್ಡ ದನಿಯಲ್ಲಿ ಎತ್ತಿದವನು ವೈದ್ಯನಲ್ಲ, ಚಿತ್ರಕಾರ. ಅಮೆರಿಕದ ಜಾರ್ಜ್ ಕ್ಯಾಟ್ಲಿನ್ 1830ರ ದಶಕದಲ್ಲಿ ಅಲ್ಲಿನ ಮೂಲನಿವಾಸಿಗಳ ನಡುವೆ ಓಡಾಡಿ ಅವರ ಚಿತ್ರ ಬರೆದವನು. ಮಲಗಿದ ಕೂಸಿನ ತುಟಿಗಳನ್ನು ತಾಯಿ ಬೆರಳಿನಿಂದ ಮೆಲ್ಲಗೆ ಕೂಡಿಸುವುದನ್ನು ಆತ ಅಲ್ಲಿ ಕಂಡ. 1860ರ ದಶಕದಲ್ಲಿ, ಬಾಯಿ ಮುಚ್ಚಿ ಜೀವ ಉಳಿಸಿಕೊಳ್ಳಿ ಎಂಬರ್ಥದ ಒಂದು ಪುಸ್ತಕವನ್ನೇ ಬರೆದ. ಅದರಲ್ಲಿ ಉತ್ಪ್ರೇಕ್ಷೆ ಧಾರಾಳ. ಜಗತ್ತಿನ ಅರ್ಧ ಕಾಯಿಲೆಗೆ ತೆರೆದ ಬಾಯಿಯೇ ಕಾರಣ ಎನ್ನುವ ಧಾಟಿ. ಆದರೆ ಆತನ ಕಣ್ಣು ಚುರುಕಾಗಿತ್ತು. ಅದೇ ದಶಕದಲ್ಲಿ, 1868ರಲ್ಲಿ, ಕೋಪನ್‌ಹೇಗನ್‌ನ ವೈದ್ಯ ವಿಲ್ಹೆಲ್ಮ್ ಮೇಯರ್ ಮೂಗಿನ ಹಿಂಬದಿಯಲ್ಲಿ ಬೆಳೆದು ಉಸಿರಿಗೆ ಅಡ್ಡ ನಿಲ್ಲುವ ಅಡಿನಾಯ್ಡ್ ಗ್ರಂಥಿಯನ್ನು ವಿವರಿಸಿದ. ಎಷ್ಟೋ ಮಕ್ಕಳು ಬಾಯಿ ತೆರೆಯುವುದು ಚಾಳಿಯಿಂದಲ್ಲ, ಬೇರೆ ದಾರಿಯಿಲ್ಲದೆ ಎಂಬುದು ಆಗ ಸ್ಪಷ್ಟವಾಯಿತು. ಮುಂದೆ ಕಸರತ್ತು ಕಲಿಸಲು ಹೊರಟವರು ಇದನ್ನು ಆಗಾಗ ಮರೆತರು.

ಕಸರತ್ತು ಎಂಬ ವಿಚಾರ ಬಂದದ್ದು 1918ರಲ್ಲಿ. ಬಾಸ್ಟನ್‌ನ ದಂತವೈದ್ಯ ಆಲ್ಫ್ರೆಡ್ ರೋಜರ್ಸ್ ಮುಖದ ಸ್ನಾಯುಗಳ ವ್ಯಾಯಾಮದ ಬಗ್ಗೆ ಲೇಖನ ಬರೆದ. ಹಲ್ಲುಗಳು ಹೊರಗೆ ತುಟಿ, ಕೆನ್ನೆ, ಒಳಗೆ ನಾಲಿಗೆ, ಇವುಗಳ ಒತ್ತಡದ ನಡುವೆ ನಿಂತಿವೆ. ತಂತಿ ಮಾಡುವ ಕೆಲಸವನ್ನು ಪಳಗಿದ ಸ್ನಾಯು ಕೂಡ ಮಾಡಬಲ್ಲದು ಎಂಬುದು ಆತನ ವಾದ. ಅದೇ ವರ್ಷ ಡಿಸೆಂಬರಿನಲ್ಲಿ ಮುಂಬೈಯ ವರ್ಸೋವಾದಲ್ಲಿ ಯೋಗೇಂದ್ರರು ಯೋಗ ಸಂಸ್ಥೆ ತೆರೆದರು. ಒಂದಕ್ಕೊಂದು ಸಂಬಂಧವಿಲ್ಲ, ಆದರೂ ನಾಲಿಗೆ ಹೊರಚಾಚುವ ಸಿಂಹಾಸನ ಬಲ್ಲ ಊರಿಗೆ ರೋಜರ್ಸನ ಮಾತು ಅಷ್ಟೇನೂ ವಿಚಿತ್ರ ಅನಿಸುತ್ತಿರಲಿಲ್ಲ.

ಬಿದ್ದದ್ದು ಆಮೇಲೆ. 1960ರ ದಶಕದಲ್ಲಿ ವಾಲ್ಟರ್ ಸ್ಟ್ರಾಬ್, ಬಳಿಕ ಡೇನಿಯಲ್ ಗಾರ್ಲಿನರ್ ಮೊದಲಾದವರು, ನುಂಗುವಾಗ ನಾಲಿಗೆ ಹಲ್ಲನ್ನು ಮುಂದಕ್ಕೆ ತಳ್ಳುವುದೇ ಎಲ್ಲದರ ಮೂಲವೆಂದು ನಂಬಿ ಚಿಕಿತ್ಸೆಯನ್ನು ಹರಡಿದರು. ಮಯೊಫಂಕ್ಷನಲ್ ಥೆರಪಿ ಎಂಬ ಹೆಸರು ಜನಪ್ರಿಯವಾಯಿತು, ಪುರಾವೆ ಮಾತ್ರ ಬೆಳೆಯಲಿಲ್ಲ. ಕೊನೆಗೆ 1970ರ ದಶಕದ ನಡುವೆ ಅಮೆರಿಕದ ದಂತವೈದ್ಯ ಮತ್ತು ವಾಕ್ ಚಿಕಿತ್ಸಕರ ಜಂಟಿ ಸಮಿತಿ, ಇದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಹೇಳಿಬಿಟ್ಟಿತು. ಮತ್ತೆ ವಾಕ್ ಚಿಕಿತ್ಸಕರ ಸಂಘ ಇದನ್ನು ತನ್ನ ಕೆಲಸದ ವ್ಯಾಪ್ತಿಗೆ ಸೇರಿಸಿಕೊಂಡದ್ದು 1991ರಲ್ಲಿ. ಭಾರತದಲ್ಲಿ ವಾಕ್ ಚಿಕಿತ್ಸೆ ಒಂದು ಓದಾಗಿ ಬೇರೂರಿದ್ದೂ ಈ ಕಾಲದಲ್ಲೇ: 1960ರ ದಶಕದ ನಡುವೆ, ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮತ್ತು ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ.

ಈ ವಿದ್ಯೆಗೆ ಮರುಜೀವ ಬಂದದ್ದು ಹಲ್ಲಿನ ಕಡೆಯಿಂದಲ್ಲ, ಗೊರಕೆಯ ಕಡೆಯಿಂದ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ, ನಾಲಿಗೆಯ ಬುಡ ಹಿಂದಕ್ಕೆ ಜಾರಿ, ಉಸಿರು ಮತ್ತೆ ಮತ್ತೆ ಕಟ್ಟುವ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಇದಕ್ಕೆ ಮೂಗಿನ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ತಂದ. ಇಂದಿಗೂ ಮುಖ್ಯ ಚಿಕಿತ್ಸೆ ಅದೇ. ಆದರೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಎಷ್ಟು ಜನ ದಿನಾ ಮಲಗಿಯಾರು?

ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಕಾಟಿಯಾ ಗಿಮರಾಯಿಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 31 ರೋಗಿಗಳಿದ್ದರು, ಮಧ್ಯಮ ಪ್ರಮಾಣದ ಕಾಯಿಲೆಯವರು. ಒಂದು ಗುಂಪಿಗೆ ದೀರ್ಘ ಉಸಿರಾಟ, ಉಪ್ಪುನೀರಿನಿಂದ ಮೂಗು ತೊಳೆಯುವುದು. ಇನ್ನೊಂದಕ್ಕೆ ನಾಲಿಗೆಯ ಗರಡಿ: ತುದಿಯನ್ನು ಅಂಗುಳಕ್ಕೆ ತಾಗಿಸಿ ಹಿಂದಕ್ಕೆ ಎಳೆಯುವುದು, ಇಡೀ ನಾಲಿಗೆಯನ್ನು ಅಂಗುಳಕ್ಕೆ ಅವಚುವುದು, ಸ್ವರ ಎಳೆದು ಹೇಳುವುದು, ಕೆನ್ನೆಯೊಳಗೆ ಬೆರಳಿಟ್ಟು ಕೆನ್ನೆಯಿಂದಲೇ ಒತ್ತುವುದು, ಬಲೂನು ಊದುವುದು. ದಿನಕ್ಕೆ ಸುಮಾರು ಅರ್ಧ ಗಂಟೆ, ಮೂರು ತಿಂಗಳು. ಕಸರತ್ತು ಮಾಡಿದವರಲ್ಲಿ ಗಂಟೆಗೆ ಸರಾಸರಿ 22.4 ಬಾರಿ ಆಗುತ್ತಿದ್ದ ಉಸಿರಿನ ತಡೆ 13.7ಕ್ಕೆ ಇಳಿಯಿತು. ತೂಕ ಇಳಿದಿರಲಿಲ್ಲ, ಕತ್ತಿನ ಸುತ್ತಳತೆ ಮಾತ್ರ ತುಸು ತಗ್ಗಿತ್ತು. ಕಾಯಿಲೆ ಹೋಗಲಿಲ್ಲ, ಹಗುರಾಯಿತು. ಹಲ್ಲಿನ ಕಾಲದ ಆಶ್ವಾಸನೆಗಳಿಗೆ ಹೋಲಿಸಿದರೆ ಇದು ಚಿಕ್ಕ ಫಲ. ಆದರೆ ಇದು ಎಣಿಸಿ ತೋರಿಸಿದ ಫಲ.

ಮೂರು ವರ್ಷ ಮೊದಲು ಸ್ವಿಟ್ಜರ್ಲೆಂಡಿನಲ್ಲಿ 25 ಜನರ ಒಂದು ಪ್ರಯೋಗ ನಡೆದಿತ್ತು. ಅರ್ಧದಷ್ಟು ಜನ ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದ ಕೊಳವೆವಾದ್ಯ ಡಿಜೆರಿಡೂವನ್ನು ನಾಲ್ಕು ತಿಂಗಳು ಊದಿದರು. ಹಗಲಿನ ತೂಕಡಿಕೆ ತಗ್ಗಿತು, ಪಕ್ಕದಲ್ಲಿ ಮಲಗುವವರ ದೂರೂ ತಗ್ಗಿತು. ಈ ಅಧ್ಯಯನಕ್ಕೆ 2017ರಲ್ಲಿ ತಮಾಷೆಯ ಇಗ್ ನೊಬೆಲ್ ಸಿಕ್ಕಿತು, ಅದೂ ಶಾಂತಿ ವಿಭಾಗದಲ್ಲಿ.

2020ರ ಕಾಕ್ರೇನ್ ವಿಮರ್ಶೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ, ಲಾಭ ಇರಬಹುದು, ಆದರೆ ಪುರಾವೆ ಇನ್ನೂ ದುರ್ಬಲ ಎಂದಿತು. ಮಕ್ಕಳ ವಿಷಯದಲ್ಲಂತೂ ಮೇಯರನ ಪಾಠ ಹಾಗೇ ಇದೆ. ಅಡಿನಾಯ್ಡ್ ಮೂಗು ಮುಚ್ಚಿದ ಮಗುವಿಗೆ ತುಟಿ ಮುಚ್ಚುವ ಅಭ್ಯಾಸ ಮಾಡಿಸಿದರೆ ಅದು ಉಸಿರಾಡುವುದೆಲ್ಲಿಂದ? ಮೊದಲು ಕಿವಿ ಮೂಗು ಗಂಟಲಿನ ವೈದ್ಯರು, ಆಮೇಲೆ ಕಸರತ್ತು.

2025ರಲ್ಲಿ ಜೈಪುರದಿಂದ ಬಂದ ಸುದ್ದಿ ಕನ್ನಡಿಗರಿಗೆ ಹತ್ತಿರದ್ದು. ಅಲ್ಲಿ 30 ರೋಗಿಗಳಲ್ಲಿ ಒಂದು ಗುಂಪು ಆರು ತಿಂಗಳು ಶಂಖ ಊದಿತು, ವಾರಕ್ಕೆ ಐದು ದಿನ, ದಿನಕ್ಕೆ ಕಾಲು ಗಂಟೆಯಾದರೂ. ಬರಿಯ ದೀರ್ಘ ಉಸಿರಾಟ ಮಾಡಿದವರಿಗಿಂತ ಇವರಿಗೆ ಗಂಟೆಗೆ ನಾಲ್ಕೈದು ಬಾರಿ ಉಸಿರು ಕಟ್ಟುವುದು ತಪ್ಪಿತು. ಶಂಖ, ಜಾಗಟೆ ಹಿಡಿದು ಬೆಳಗಾಗುತ್ತಲೇ ಬೀದಿಗೆ ಬರುತ್ತಿದ್ದ ದಾಸಯ್ಯಂದಿರು ರಾತ್ರಿ ಗೊರಕೆ ಹೊಡೆಯುತ್ತಿದ್ದರೋ ಇಲ್ಲವೋ, ಯಾರೂ ಬರೆದಿಟ್ಟಿಲ್ಲ.